ನಕ್ಷತ್ರದ ಹಡಗಿನಲ್ಲಿ ಒಂದು ಖೋಲಿ

“ಅಲ್ಲ, ನಕ್ಷತ್ರದಲ್ಲಾದರೂ ಒಂದು ಖೋಲಿ ಖಾಲಿ ಇರಬಹುದಾ?”

ಮಲಾಡಿನ ಕಾನಜಿ ಚಾಳಿನ ಗ್ಯಾಲರಿಯಲ್ಲಿ ನಿಂತು, ಆಕಾಶದ ಕಡೆ ಮುಖಮಾಡಿ, ಯಾರನ್ನೂ ಕುರಿತಲ್ಲದೆ ಗಟ್ಟಿಯಾಗಿ ಕೇಳಲಾದ ಮೇಲ್ಕಂಡ ಪ್ರಶ್ನೆಗೆ ಯಾರಿಂದಲೂ ಉತ್ತರ ಬಾರದ ಕಾರಣ, ಅದನ್ನು ಬರವಣಿಗೆಯಲ್ಲಿ ಈ ಕೆಳಗಿನಂತೆ ಸಲ್ಲಿಸಲಾಗಿದೆ.

ಮಲಾಡ್, ಡಿಸೆಂಬರ್ ೧೯೫೭

ಇಂದ:
ಅಣ್ಣು, ಅವಿವಾಹಿತ (ಸದ್ಯಕ್ಕೆ),
ಹಗಲಿನ ವಿಳಾಸ: ಸ್ಟೇಷನ್ನಿನ ಎದುರಿನ ಹೋಟೆಲಿನ ಗಲ್ಲಾ,
ರಾತ್ರಿಯ ವಿಳಾಸ: ಅದೇ ಹೋಟೆಲಿನ ಮೂರನೆಯ ಮೇಜು.

ಗೆ:
ಮಾನ್ಯ ಮೇನೇಜರ್ ಸಾಹೇಬರು,
ನಕ್ಷತ್ರಕ್ಕೆ ಹೋಗುವ ಹಡಗು (ಇನ್ನು ಕಟ್ಟಬೇಕಷ್ಟೆ),
ಆಕಾಶ ವಿಭಾಗ.

ವಿಷಯ: ಸದರಿ ಹಡಗಿನಲ್ಲಿ ಮದುವೆಯಾಗಲಿರುವ ಜೋಡಿಯೊಂದಕ್ಕೆ ಖೋಲಿ ಮಂಜೂರು ಮಾಡುವ ಬಗ್ಗೆ, ಮತ್ತು ಕಲಂ ಏಳರಿಂದ ಮುಂದೆ, ದಯವಿಟ್ಟು ಮಂಜೂರು ಮಾಡದಿರುವ ಬಗ್ಗೆ.

ಉಲ್ಲೇಖ: (ಅ) ರಾತ್ರಿಶಾಲೆಯ ಬಸವಂತಪ್ಪ ಮಾಸ್ತರರ ಭಾಷಣ, ಒಂದು ಶನಿವಾರ. (ಆ) ಮಗಳಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ ಒಬ್ಬ ರಾಜನ ಪ್ರಕರಣ, ಪುರಾಣಕಾಲ.

ಮಾನ್ಯರೇ,

೧. ಅರ್ಜಿದಾರನು ಉಡುಪಿಯ ಕಡೆಯವನು. ಮಾತು ಕಡಿಮೆ, ಕೇಳುವುದು ಹೆಚ್ಚು. ಅವನ ಅಜ್ಜಿ ಅಕ್ಕಿ ಆರಿಸುತ್ತ ಪದ್ಯ ಹೇಳುವವಳಾದ್ದರಿಂದ, ಕಲ್ಲು ಯಾವುದು ಅಕ್ಕಿ ಯಾವುದು ಎಂದು ತಿಳಿಯುವ ಮೊದಲೇ ದೇವತೆ ಯಾರು ಅಸುರ ಯಾರು ಎಂಬುದು ಅವನಿಗೆ ತಿಳಿದಿತ್ತು. ಮುಂಬಯಿಗೆ ಬಂದ ಮೇಲೆ ಕಿವಿ ಹಸಿದು ಒದ್ದಾಡುತ್ತಿದ್ದಾಗ, ಕಾನಜಿ ಚಾಳಿನ ಒಂಬತ್ತನೆಯ ಖೋಲಿಯ ಮೋನಪ್ಪ ಎಂಬವರು ಶನಿವಾರ ಸಂಜೆ ಗ್ಯಾಲರಿಯಲ್ಲಿ ಚಾಪೆ ಹಾಸಿ ಪುರಾಣ ಓದುತ್ತಾರೆಂಬ ಸುದ್ದಿ ಸಿಕ್ಕಿತು. ಸದರಿ ಮೋನಪ್ಪನವರು ವಾರದ ಉಳಿದ ದಿನಗಳಲ್ಲಿ ಒಂದು ಗಿರಣಿಯ ಕ್ಯಾಂಟೀನಿನ ಸಾಂಬಾರಿಗೆ ಜವಾಬ್ದಾರರು. ಶನಿವಾರ ಮಾತ್ರ ಮೂರು ಲೋಕಕ್ಕೆ. ಪಕ್ಕದಲ್ಲಿ ಕುಳಿತು ಪುಟ ಮಗುಚುವ ಕೆಲಸ ಅವರ ಮಗಳು ಚಂಪಾಳದು. ಸ್ವಯಂವರದ ಭಾಗ ಬಂದ ದಿನ ಆಕೆ ಅರ್ಜಿದಾರನ ಮುಖ ನೋಡುತ್ತ ಎರಡು ಪುಟ ಒಟ್ಟಿಗೇ ಮಗುಚಿದಳು. ಮೋನಪ್ಪನವರು ಗಮನಿಸದೆ ಓದು ಮುಂದುವರಿಸಿದ ಕಾರಣ, ಮಾಲೆ ಹಾಕುವ ಮುಂಚೆಯೇ ಮದುವೆಯ ಊಟ ಮುಗಿಯಿತು. ಕೇಳುತ್ತಿದ್ದವರಲ್ಲಿ ಇದು ಗೊತ್ತಾದದ್ದು ಅರ್ಜಿದಾರನೊಬ್ಬನಿಗೆ. ಅವನು ಯಾರಿಗೂ ಹೇಳಲಿಲ್ಲ. ಆದಕಾರಣ ಪ್ರೀತಿ ಉಂಟಾಯಿತು.

೨. ತರುವಾಯ ಅರ್ಜಿದಾರನು ಧೈರ್ಯ ತಂದುಕೊಂಡು ಹುಡುಗಿಯ ತಂದೆಯ ಮುಂದೆ ನಿಂತನು. ನಡೆದ ಮಾತುಕತೆಯ ಯಥಾಪ್ರತಿ:

“ಮೋನಪ್ಪಣ್ಣ, ಒಂದು ಮಾತು ಇತ್ತು.”

“ಹೇಳು ಮಾರಾಯ. ನೀನು ಬಾಯಿ ಬಿಡುದೇ ಅಪರೂಪ.”

“ಚಂಪಾ…”

“ಹ್ಞಾಂ, ಚಂಪಾ. ಮುಂದೆ?”

“ಮುಂದಿನದ್ದು ನಿಮಗೆ ಗೊತ್ತಾಯ್ತಲ್ಲ, ಮಾವ.”

“ಆಗಲೇ ಮಾವನಾ! ನಿನ್ನೆವರೆಗೆ ಅಣ್ಣ ಆಗಿದ್ದೆ!” ಮೋನಪ್ಪನವರು ಕನ್ನಡಕ ತೆಗೆದು ಅರ್ಜಿದಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀನು ಒಳ್ಳೆಯವ. ಪದ್ಯಕ್ಕೆ ಸರಿಯಾದ ಜಾಗದಲ್ಲಿ ತಲೆ ಆಡಿಸ್ತೀ. ಆದ್ರೆ ಖೋಲಿ ಉಂಟಾ ನಿನಗೆ? ನನ್ನ ಮಗಳು ಹೋಟೆಲಿನ ಮೇಜಿನ ಮೇಲೆ ಸಂಸಾರ ಮಾಡುದಾ? ಮೂರನೇ ಮೇಜಿಗೆ ಎರಡು ಇಡ್ಲಿ, ಒಂದು ಸಂಸಾರ ಅಂತ ಒಳಗೆ ಕೂಗ್ಬೇಕಾ? ಖೋಲಿ ತಾ, ಹುಡುಗಿಯನ್ನು ಕರ್ಕೊಂಡು ಹೋಗು.”

ಅರ್ಜಿದಾರನು ಗೋರೆಗಾಂವಿನಿಂದ ದಹಿಸರಿನವರೆಗೆ ಖೋಲಿ ಹುಡುಕಿದನು. ಎಲ್ಲ ಕಡೆ ಬಾಡಿಗೆಗೆ ಮುಂಚೆ ಪಗಡಿ ಎಂಬ ಮುಂಗಡ ಕೇಳಿದರು. ಆ ಮೊತ್ತವನ್ನು ಕೇಳಿದ ಮೇಲೆ ದಹಿಸರಿನಿಂದ ಅವನು ನಡೆದುಕೊಂಡೇ ಬಂದನು.

೩. ಇಂಥ ಸಂದರ್ಭದಲ್ಲಿ ಉಲ್ಲೇಖ (ಅ)ರ ಭಾಷಣ ಸಂಭವಿಸಿತು. ಚಾಳಿನ ಹತ್ತನೆಯ ಖೋಲಿಯವರೂ ಧಾರವಾಡದ ಕಡೆಯವರೂ ಆದ ಬಸವಂತಪ್ಪ ಮಾಸ್ತರರು, ರಷ್ಯಾದವರು ಆಕಾಶಕ್ಕೆ ಹಾರಿಸಿದ ಗೋಲದಲ್ಲಿ ಒಂದು ನಾಯಿಯನ್ನು ಕೂರಿಸಿದ್ದಾರೆಂದು ವಿವರಿಸಿದರು. “ನೋಡ್ರಪಾ, ಒಂದು ನಾಯಿಗಿ ಸ್ವತಂತ್ರ ಖೋಲಿ! ಇನ್ನ ಮುಂದ ಊರಷ್ಟು ದೊಡ್ಡ ಹಡಗಾ ಕಟ್ತಾರಂತ. ನಕ್ಷತ್ರಕ್ಕ ಹೋಗಿ ಮುಟ್ಟಾಕ ಹನ್ನೆರಡು ತಲಿಮಾರು ಬೇಕು. ಹತ್ತಿದವರು ಹಾದ್ಯಾಗ ಮುದುಕರಾಗಿ ಸಾಯ್ತಾರ, ಮಕ್ಕಳು ಹಾದ್ಯಾಗ ಹುಟ್ತಾರ, ಮೊಮ್ಮಕ್ಕಳೂ ಹಾದ್ಯಾಗ. ಅದಕ್ಕ ಗಂಡ-ಹೆಂಡ್ತಿ ಜೋಡೀನ ಬೇಕು. ಜೋಡಿಗೊಂದು ಖೋಲಿ.”

ಇದಾದ ಮೇಲೆ ಮಾಸ್ತರರು ಗಾಳಿ, ವೇಗ, ಗುರುತ್ವಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು. ಜೀವಮಾನವೆಲ್ಲ ಕೇಳುವುದನ್ನೇ ಅಭ್ಯಾಸ ಮಾಡಿದ ಅರ್ಜಿದಾರನಿಗೆ ಒಂದಕ್ಷರವೂ ಕೇಳಿಸಲಿಲ್ಲ.

ಹಡಗಿನ ಖೋಲಿಯಾದರೆ ನಡೆದೀತೇ ಎಂದು ಮೋನಪ್ಪನವರನ್ನು ವಿಚಾರಿಸಲಾಗಿ, “ಖೋಲಿ ಅಂತ ಹೇಳಿದ್ದು ನಾನು, ಎಲ್ಲಿ ಅಂತ ಹೇಳ್ಲಿಲ್ಲ. ಮಂಜೂರಿಯ ಕಾಗದ ಬರ್ಲಿ, ಲಗ್ನ ಇಡುವ,” ಎಂದು ಒಪ್ಪಿಗೆ ಕೊಟ್ಟಿರುತ್ತಾರೆ.

೪. ಮುಚ್ಚಿದ ಜಾಗದಲ್ಲಿ ಜನ್ಮ ಕಳೆಯುವ ಅನುಭವ ಉಂಟೇ ಎಂದು ತಾವು ಕೇಳಬಹುದು. ಕಾನಜಿ ಚಾಳಿನಲ್ಲಿ ಒಬ್ಬರು ಸೀನಿದರೆ ನಾಲ್ಕು ಖೋಲಿಯಾಚೆಯಿಂದ “ನೂರು ವರ್ಷ ಬಾಳು” ಎಂದು ಹರಕೆ ಬರುತ್ತದೆ. ಒಬ್ಬರ ಕನಸಿಗೆ ಇನ್ನೊಬ್ಬರು ಅರ್ಥ ಹೇಳುತ್ತಾರೆ, ಏಕೆಂದರೆ ಕನವರಿಸಿದ್ದನ್ನು ಎಲ್ಲರೂ ಕೇಳಿರುತ್ತಾರೆ. ಆಕಾಶದಲ್ಲಿ ತೂಕ ತಪ್ಪಿ ಕಾಲು ನೆಲಕ್ಕೆ ತಾಗುವುದಿಲ್ಲವೆಂದು ಮಾಸ್ತರರು ಆಮೇಲೊಮ್ಮೆ ಹೆದರಿಸಿದರು. ಬೆಳಗಿನ ಲೋಕಲ್‌ನಲ್ಲೂ ತಾಗುವುದಿಲ್ಲ. ಆದ್ದರಿಂದ ಅರ್ಜಿದಾರನಿಗೆ ಪ್ರತ್ಯೇಕ ತರಬೇತಿಯ ಖರ್ಚು ಸರಕಾರಕ್ಕೆ ಬೀಳತಕ್ಕದ್ದಲ್ಲ.

೫. ಸುದ್ದಿ ಹಬ್ಬಿದ ಮೇಲೆ ಚಾಳಿನವರ ಬಾಯಿ ಹಿಡಿಯುವುದು ಸಾಧ್ಯವಾಗಲಿಲ್ಲ. ಶನಿವಾರದ ಓದು ಅರ್ಧಕ್ಕೆ ನಿಂತು, ಗ್ಯಾಲರಿಯೇ ಹಡಗಾಗಿ ಹೊರಟಿತು. ಅಲ್ಲಿಯ ದಿನಚರಿಯ ಬಗ್ಗೆ ಆದ ತೀರ್ಮಾನಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ:

(ಅ) ನೀರು. ಇದ್ದ ನೀರನ್ನೇ ಸೋಸಿ ಸೋಸಿ ಮತ್ತೆ ನಳಕ್ಕೆ ಬಿಡುತ್ತಾರೆಂದು ಮಾಸ್ತರರು ತಿಳಿಸಿದಾಗ, ಅವರ ಹೆಂಡತಿ ರುದ್ರವ್ವನವರು ಕೊಡ ಕೆಳಗಿಟ್ಟು ಕೇಳಿದರು: “ಅಂದ್ರ ನಳ ಬಂದ್ ಆಗೂದ ಇಲ್ಲ?”

“ಇಲ್ಲ.”

“ಹಗಲೂ ರಾತ್ರಿ ನೀರು?”

“ಹೌದ.”

ರುದ್ರವ್ವ ಕೊಡವನ್ನು ಮತ್ತೆ ಸೊಂಟಕ್ಕೇರಿಸಿದರು. “ಹಂಗಾದ್ರ ಜಗಳ ಯಾವಾಗ ಮಾಡೂದು?”

ಹನ್ನೆರಡು ತಲೆಮಾರು ಜಗಳವಿಲ್ಲದೆ ಮನುಷ್ಯರು ಒಟ್ಟಿಗೆ ಬಾಳಲಾರರಾದ್ದರಿಂದ, ದಿನಕ್ಕೊಂದು ತಾಸು ನಳ ಬಂದ್ ಇಡತಕ್ಕದ್ದೆಂದು ಠರಾವಾಯಿತು.

(ಆ) ಗಣಪತಿ. ಹಡಗಿನಲ್ಲಿ ಸಮುದ್ರವಿಲ್ಲ, ಇರುವುದು ಟಾಂಕಿ. ಅದರಲ್ಲಿ ಮುಳುಗಿಸಿದರೆ ಮರುದಿನ ಅದೇ ನೀರು ಚಹಾಕ್ಕೆ ಬರುತ್ತದೆ. ಮೋನಪ್ಪನವರ ಹೆಂಡತಿ ವಾರಿಜಕ್ಕ, “ಬರ್ಲಿ. ಸಮುದ್ರಕ್ಕೆ ಬಿಟ್ರೆ ದೂರ ಹೋಗ್ತಾನೆ, ಇಲ್ಲಿ ಹೊಟ್ಟೆಯೊಳಗೇ ಇರ್ತಾನಲ್ಲ,” ಎಂದರು. ಅರ್ಜಿದಾರನು ಮನಸ್ಸಿನಲ್ಲೇ ಕೈಮುಗಿದನು.

(ಇ) ಏಕಾದಶಿ. ಚಂದ್ರ ಕಾಣದ ಕಡೆ ತಿಥಿ ಹಿಡಿಯುವುದು ಹೇಗೆ? ಅಕ್ಕಿ ಮುಗಿದ ದಿನ ಏಕಾದಶಿ ಎಂದು ಮೋನಪ್ಪನವರು ತಮ್ಮ ಕ್ಯಾಂಟೀನಿನ ಪದ್ಧತಿಯನ್ನು ಮುಂದಿಟ್ಟರು.

(ಈ) ಊರು. ಇದನ್ನು ಎತ್ತಿದವಳು ಚಂಪಾ. “ಹಡಗಿನಲ್ಲೇ ಹುಟ್ಟಿ ಹಡಗಿನಲ್ಲೇ ಸಾಯುವ ಮಕ್ಕಳಿಗೆ ನಿಮ್ಮ ಊರು ಯಾವ್ದು ಅಂತ ಕೇಳಿದ್ರೆ ಏನು ಹೇಳ್ಬೇಕು?” ಎಂದಳು. ಆಮೇಲೆ ಅವಳೇ, “ನನ್ನನ್ನು ಕೇಳಿದ್ರೆ ನಾನು ಉಡುಪಿ ಅಂತೇನೆ. ನೋಡಿದ್ದು ಎರಡೇ ಸಲ. ಅವರು ನೋಡದೇ ಇದ್ರೂ ಮಲಾಡ್ ಅಂತಾರೆ ಬಿಡಿ,” ಎಂದು ನಕ್ಕಳು. ಆ ಮಕ್ಕಳಿಗಾಗಿ ಅರ್ಜಿದಾರನು ಅಂಧೇರಿ, ಜೋಗೇಶ್ವರಿ, ಗೋರೆಗಾಂವ್, ಮಲಾಡ್, ಕಾಂದಿವಲಿ, ಬೋರಿವಲಿ, ದಹಿಸರ್ ಎಂಬ ನಾಮಾವಳಿಯನ್ನು ರಾಗವಾಗಿ ಕಟ್ಟಿಕೊಡಲು ಸಿದ್ಧನಿದ್ದಾನೆ. ಏಳನೆಯ ತಲೆಮಾರಿನ ಪೋರನೊಬ್ಬ ಕಣ್ಣುಮುಚ್ಚಿ ಭಕ್ತಿಯಿಂದ “ಜೋಗೇಶ್ವರಿ” ಎನ್ನುವುದನ್ನು ನೆನೆದಾಗ, ದೇವಿಯ ಹೆಸರೂ ಅದೇ ಇರುವುದರಿಂದ, ಏನೂ ನಷ್ಟವಿಲ್ಲವೆಂದು ತೋರುತ್ತದೆ.

೬. ಇಲ್ಲಿಯವರೆಗೆ ಸುಖವಾಗಿತ್ತು. ಅಷ್ಟರಲ್ಲಿ ವಾರಿಜಕ್ಕ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ಕೇಳಿದರು:

“ಮದುವೆ ಏನೋ ಆಗ್ತದೆ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಬರ್ಬೇಕಲ್ಲ. ಹಡಗು ತಿರುಗಿಸ್ತಾರಾ?”

“ತಿರಗಸಂಗಿಲ್ಲ ತಂಗಿ,” ಎಂದರು ಮಾಸ್ತರರು.

“ಹಾಗಾದ್ರೆ ತವರೇ ಹಡಗಿಗೆ ಬರ್ಬೇಕು. ಇವರೇ, ನಮ್ಮದೂ ಹೆಸರು ಬರೆಸಿ.”

ಮೋನಪ್ಪನವರು ಕೂಡಲೇ ಒಪ್ಪಿದ್ದಕ್ಕೆ ಕಾರಣ ಆಮೇಲೆ ಗೊತ್ತಾಯಿತು: ಹಡಗಿನಲ್ಲಿ ಓದಲು ಕುಳಿತರೆ ಕೇಳುವವರು ಮಧ್ಯದಲ್ಲಿ ಎದ್ದು ಹೋಗಲು ಜಾಗವೇ ಇಲ್ಲ. ಅಂಥ ಸಭೆ ಯಾವ ಪುರಾಣಿಕನಿಗೂ ಈವರೆಗೆ ದೊರೆತಿರುವುದಿಲ್ಲ.

ಅಲ್ಲಿಗೆ ನಿಲ್ಲಲಿಲ್ಲ. ಅರ್ಜಿದಾರನ ಕಡೆ ತಾಯಿಯಿಂದ ಮಕ್ಕಳಿಗೆ ಬರುವ ಬಳಿ ಎಂಬುದೊಂದುಂಟು. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ಎರಡೇ ಬಳಿ ಹೊತ್ತು ಹೊರಟರೆ ಮೊಮ್ಮಕ್ಕಳಿಗೆ ಸಂಬಂಧ ಎಲ್ಲಿಂದ ತರುವುದು? ಕಾರಣ, ಕೆಳಗಿನ ಮಾಳಿಗೆಯ ಉಡುಪಿಯ ಕಡೆಯವರೆಲ್ಲ ಸೇರಿದರು. ವಾರಿಜಕ್ಕ ಹೋದ ಮೇಲೆ ನಳದ ಹತ್ತಿರ ತಾನೊಬ್ಬಳೇ ಯಾರನ್ನು ಬೈಯಲಿ ಎಂದು ರುದ್ರವ್ವ ಸೇರಿದರು. ಅವರ ಹಿಂದೆ ಮಾಸ್ತರರು, ಮಾಸ್ತರರ ಹಿಂದೆ ರಾತ್ರಿಶಾಲೆ, ಕೊನೆಗೆ ಬಾಡಿಗೆ ವಸೂಲಿಯವನೂ “ಬಾಡಿಗೆ ಕೊಡುವವರೇ ಹೋದರೆ ನನಗೆ ಇಲ್ಲಿ ಏನು ಕೆಲಸ” ಎಂದು ಹೆಸರು ಕೊಟ್ಟನು.

೭. ಮಾಸ್ತರರು ಸ್ಲೇಟಿನ ಮೇಲೆ ಹಡಗಿನ ನಕ್ಷೆ ಬರೆದು, ಹಿರಿತನದ ಪ್ರಕಾರ ಖೋಲಿ ಹಂಚಿದರು. ಎಲ್ಲರಿಗೂ ಸಿಕ್ಕಿತು. ಅರ್ಜಿದಾರ ಮತ್ತು ಚಂಪಾ ಇವರಿಗೆ ಹಡಗಿನ ಗ್ಯಾಲರಿಯ ತುದಿ ಬಂತು.

“ಹೊಸಾ ಜೋಡಿ, ಹೆಂಗರ ಹೊಂದ್ಕೋತೀರಿ. ಮುಂದ ಯಾರರ ಸತ್ತರ ನೋಡೂಣು,” ಎಂದು ಮಾಸ್ತರರು ಸಮಾಧಾನ ಹೇಳಿದರು.

ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಕುಳಿತರೂ ಇನ್ನೊಬ್ಬರಿಗೆ ಜಾಗವಿರುತ್ತದೆಂದು ಅರ್ಜಿದಾರನು ಎಷ್ಟೋ ಸಲ ಕೇಳಿದ್ದಾನೆ. ಆದರೆ ಇಬ್ಬರಿಗೆ, ಬಾಗಿಲಿರುವ ಜಾಗ ಇರುತ್ತದೆಂದು ಯಾರೂ ಓದಿದ್ದನ್ನು ಕೇಳಿಲ್ಲ. ಆಕಾಶಕ್ಕೆ ಹೋದರೂ ತನಗೆ ಗ್ಯಾಲರಿಯೇ ಗತಿಯೆಂದು ಅವನು ಮೆಟ್ಟಿಲಿನ ಮೇಲೆ ಕುಸಿದು ಕುಳಿತಿದ್ದಾಗ, ಚಂಪಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದಳು. ಅಳುತ್ತಿದ್ದಾಳೆಂದು ಅವನು ತಿಳಿದನು. ಅವಳು ನಗು ತಡೆಯುತ್ತಿದ್ದಳು.

“ಅರೇ, ನಿಮಗೆ ತಲೆ ಓಡುದಿಲ್ವಾ? ಅಪ್ಪ ಹೋಗ್ತಾರೆ, ಅಮ್ಮ ಹೋಗ್ತಾರೆ, ರುದ್ರವ್ವ ಹೋಗ್ತಾರೆ. ಹೋದ ಮೇಲೆ ಚಾಳಿನಲ್ಲಿ ಯಾರುಂಟು?”

“ಯಾರೂ ಇಲ್ಲ.”

“ಮತ್ತೆ ನಾವು ಯಾಕೆ ಹೋಗುದು?”

ಅರ್ಜಿದಾರನಿಗೆ ಅರ್ಥವಾಗಲು ಒಂದು ಲೋಕಲ್ ಬಂದುಹೋಗುವಷ್ಟು ಹೊತ್ತು ಹಿಡಿಯಿತು. ಅನಂತರ ಅವನು ಜೀವಮಾನದಲ್ಲಿ ಮೊದಲ ಬಾರಿಗೆ, ಚಾಳೆಲ್ಲ ತಿರುಗಿ ನೋಡುವಂತೆ ನಕ್ಕನು. ಇಡೀ ಚಾಳು! ಇವತ್ತು ಒಂದನೆಯ ಖೋಲಿಯಲ್ಲಿ ಊಟ, ನಾಳೆ ಏಳನೆಯದರಲ್ಲಿ. ಸ್ನಾನಕ್ಕೆ ಸೋಮವಾರ ಒಂದು ಖೋಲಿಯ ಮೋರಿ, ಮಂಗಳವಾರ ಇನ್ನೊಂದರ ಮೋರಿ. ನಳದಲ್ಲಿ ಸಾಲಿಲ್ಲ. ಬೇಕೆಂದರೆ ಚಂಪಾ ಒಂದು ತುದಿಯಲ್ಲಿ, ಅವನು ಇನ್ನೊಂದು ತುದಿಯಲ್ಲಿ ನಿಂತು, ನಡುವೆ ಯಾರ ಚಡ್ಡಿಯೂ ಒಣಗದ ಗ್ಯಾಲರಿಯಲ್ಲಿ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲಬಹುದು. ವೈಕುಂಠದ ವರ್ಣನೆಯನ್ನು ಅವನು ಬಹಳ ಕೇಳಿದ್ದಾನೆ. ಇಷ್ಟು ಖೋಲಿಗಳು ಅಲ್ಲಿಯೂ ಇರಲಿಲ್ಲ.

೮. ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಮತ್ತು ಸದರಿ ಕಾರಣಗಳ ಕಾರಣದಿಂದ, ಅರ್ಜಿದಾರನು ವಿನಯದಿಂದ ಬೇಡಿಕೊಳ್ಳುವುದೇನೆಂದರೆ: ಕಾನಜಿ ಚಾಳಿನ ಸಮಸ್ತರನ್ನು ಸಹಕುಟುಂಬ, ಸಪಾತ್ರೆ, ಸಹಾಸಿಗೆ ಹಡಗಿಗೆ ಹತ್ತಿಸಿಕೊಂಡು, ಅರ್ಜಿದಾರನನ್ನೂ ಚಂಪಾಳನ್ನೂ ಮಾತ್ರ ಅನರ್ಹರೆಂದು ತೀರ್ಮಾನಿಸಿ ಕೆಳಗೆ ಬಿಡಬೇಕಾಗಿ ವಿನಂತಿ. ಉಲ್ಲೇಖ (ಆ)ರ ರಾಜನು ಬ್ರಹ್ಮಲೋಕದಲ್ಲಿ ಸಂಗೀತ ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾದು ಕುಳಿತನು. ತಿರುಗಿ ಬರುವಾಗ ಯುಗಗಳೇ ಕಳೆದು, ಅವನು ಮನಸ್ಸಿನಲ್ಲಿಟ್ಟಿದ್ದ ವರರಲ್ಲಿ ಒಬ್ಬನೂ ಬದುಕಿರಲಿಲ್ಲ. ಕಾರಣ, ಹಡಗನ್ನು ಆದಷ್ಟು ಬೇಗ ಕಟ್ಟತಕ್ಕದ್ದು.

ಭೂಮಿಯ ಮೇಲೆಯೇ ಉಳಿಯಬಯಸುವ
ತಮ್ಮ ವಿಶ್ವಾಸಿ,
ಅಣ್ಣು

ಅಡಕಗಳು:

೧. ಹೊರಡುವವರ ಹೆಸರಿನ ಪಟ್ಟಿ. ಬಾಡಿಗೆ ವಸೂಲಿಯವನ ಹೆಸರಿನ ಕೆಳಗೆ ಎರಡು ಗೆರೆ ಎಳೆಯಲಾಗಿದೆ. ಅವನನ್ನು ಖಂಡಿತ ಮರೆಯಬಾರದು.

೨. ಮೇನೇಜರ್ ಸಾಹೇಬರಿಗೆ ಮಾವಿನಮಿಡಿ ಉಪ್ಪಿನಕಾಯಿ, ಒಂದು ಭರಣಿ. ಲಂಚವಲ್ಲ.

೩. ಒಂಬತ್ತನೆಯ ಖೋಲಿಯ ಕೀಲಿಕೈ. ಇದನ್ನು ಅಡಕ ಮಾಡಲಾಗಿಲ್ಲ. ಕಾರಣ, ಇದರ ಬಗ್ಗೆ ಇಂದು ಸಂಜೆ ಮೋನಪ್ಪನವರನ್ನು ಕೇಳಿಕೊಂಡಾಗ ಹೀಗೆ ನಡೆಯಿತು:

“ಕೀಲಿಕೈ ಎಂತಕ್ಕೆ?”

“ನೀವು ಹೋದ ಮೇಲೆ ಖೋಲಿ ಖಾಲಿ ಅಲ್ವಾ, ಮಾವ. ನಾವಿಬ್ಬರು ಅಲ್ಲಿ…”

“ಖಾಲಿ ಯಾಕೆ? ಬೀಗ ಹಾಕಿ ಹೋಗುದು.”

“ನೀವು ತಿರುಗಿ ಬರುದಿಲ್ವಲ್ಲ!”

“ನಾನು ಬರುದಿಲ್ಲ. ಹೋದವರಲ್ಲಿ ಯಾರ ಮರಿಮಕ್ಕಳಿಗಾದ್ರೂ ಅಲ್ಲಿಯ ನೀರು ಆಗದಿದ್ರೆ? ತಿರುಗಿ ಬಂದು ಎಲ್ಲಿ ಇಳಿಯುದು ಅವರು, ಸ್ಟೇಷನ್ನಿನಲ್ಲಾ?”

“ಆಗ ನಾವು ಬಿಟ್ಟು ಕೊಡ್ತೇವೆ, ಮಾವ. ಹನ್ನೆರಡು ತಲೆಮಾರು ಆದ ಮೇಲೆ!”

“ಮುಂಬಯಿಯಲ್ಲಿ ಖೋಲಿ ಬಿಟ್ಟು ಕೊಟ್ಟವರನ್ನು ನಾನು ಈವರೆಗೆ ನೋಡ್ಲಿಲ್ಲ.”

“ಅಪ್ಪಾ!” ಎಂದಳು ಚಂಪಾ. ಒಳಗಿನಿಂದ ವಾರಿಜಕ್ಕ, “ಕೊಟ್ಟುಬಿಡಿ ಅತ್ಲಾಗೆ,” ಎಂದರು.

ಮೋನಪ್ಪನವರು ಕೀಲಿಕೈಯನ್ನು ಸೊಂಟದ ನೂಲಿಗೆ ಕಟ್ಟಿ, ಎರಡು ಗಂಟು ಬಿಗಿದು, ಮೇಲೆ ಪಂಚೆ ಸರಿಮಾಡಿಕೊಂಡರು.

“ಮಗಳನ್ನು ಕೊಡ್ತೇನೆ, ನಾಳೆಯೇ ಬೇಕಾದ್ರೆ ನಾಳೆ. ನಕ್ಷತ್ರದಲ್ಲಿ ನನ್ನ ಪಾಲು ಎಷ್ಟುಂಟೋ ಅದನ್ನೂ ಬರ್ಕೊಡ್ತೇನೆ. ಖೋಲಿ ಕೊಡುದಿಲ್ಲ.”