ಎಲ್ಲಿಗೆ ಎಂದು ಕೇಳಬಾರದ ಪೆಟ್ಟಿಗೆ

ನಮ್ಮ ಭಾವ ಮುರಿಗೆಪ್ಪನವರು ಅಂಗಳದ ನಡುವೆ ನಿಂತು, ಮುಚ್ಚಿಟ್ಟಿದ್ದ ಧೋತರವನ್ನು ಸರ್ರನೆ ಎಳೆದರು. ಅಡಿಯಲ್ಲಿದ್ದದ್ದು ಹಳೆಯ ಕಬ್ಬಿಣದ ಟ್ರಂಕು! ಅದಕ್ಕೆ ನಾಲ್ಕು ಕಾಲು, ಬೆನ್ನಿನ ಮೇಲೆ ಸೋಲಾರ್ ಹಲಗೆ, ಸುತ್ತಲೂ ಕಿವಿಗಳೆಂದು ಕೊರೆದ ತೂತುಗಳು.

"ಇದು ಬರೇ ಪೆಟಿಗಿ ಅಲ್ಲ, ಯಾತ್ರಾ ಪೆಟಿಗಿ!" ಎಂದರು ಭಾವ. "ರೊಕ್ಕ, ಟಿಕೆಟ್, ಫೋನು, ಬುತ್ತಿ ಎಲ್ಲಾ ಇದರ ಹೊಟ್ಟ್ಯಾಗ. ಯಾವಾಗ ಏಳಬೇಕು, ಯಾವ ಓಣಿ ಹಿಡೀಬೇಕು, ಎಲ್ಲೆ ಆಕಳಿಸಬೇಕು, ಎಲ್ಲಾ ಇದಕ್ಕ ಗೊತ್ತು. ನಾವು ಹಿಂದ ನಡದ್ರ ಆತು!"

ರೋಣದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಮನುಷ್ಯ ಅಷ್ಟಕ್ಕೇ ಸುಮ್ಮನಿರಬಾರದೇ? ಇರುವುದಿಲ್ಲ. ಆದರೆ ಈ ಸಲ ನನಗೆ ನಗು ಬರಲಿಲ್ಲ, ಹೆದರಿಕೆಯೇ ಆಯಿತು. ಯಾಕೆಂದರೆ ಇದು ನನ್ನ ಅಕ್ಕ ದಾಕ್ಷಾಯಣಿಯ ಮೊದಲ ನಗರ ಪ್ರವಾಸ. ಅಕ್ಕ ಒಂದನೆಯ ಇಯತ್ತೆಗೆ ಟೀಚರು. ಕೆಲಸಕ್ಕೆ ಸೇರಿದಾಗಿನಿಂದ ಗೋಡೆಯ ಚಿತ್ರಕ್ಕೆ ಕೋಲು ಹಚ್ಚಿ 'ಜಿ, ಜಿರಾಫೆ' ಎಂದು ಹೇಳಿಕೊಡುತ್ತಾ ಬಂದವಳು, ಜಿರಾಫೆಯನ್ನು ಒಮ್ಮೆಯೂ ಕಂಡವಳಲ್ಲ. ದಸರಾ ರಜೆಗೆ ಮುಂಚೆ ಒಂದು ಹುಡುಗಿ ಎದ್ದು ನಿಂತು, "ಟೀಚರ್, ನೀವು ಖರೇನ ನೋಡೀರೇನ್ರಿ?" ಎಂದು ಕೇಳಿದ್ದಳಂತೆ. ನೋಡಿ ಬಂದು ಹೇಳುತ್ತೇನೆ ಎಂದು ಅಕ್ಕ ಮಾತು ಕೊಟ್ಟಿದ್ದಳು. ರಜೆ ಮುಗಿದು ಸ್ವಲ್ಪ ದಿನಕ್ಕೆ ಅವಳ ನಿವೃತ್ತಿ.

"ಒಂದು ರೈಲು, ಒಂದು ರೂಮು, ಒಂದು ಜಿರಾಫೆ. ಇಷ್ಟು ಮೊದಲ ಗೊತ್ತಿದ್ರ ಸಾಕ್ರಿ," ಎಂದಳು ಅಕ್ಕ. "ಉಳದದ್ದು ಅಲ್ಲೇ ಹೋಗಿ ನೋಡೋಣಂತ."

"ಅಲ್ಲೇ ಹೋಗಿ ನೋಡೂದು? ಅದಕ್ಕ ಪ್ರವಾಸ ಅನ್ನೂದಿಲ್ಲ, ಕಳದುಹೋಗೂದು ಅಂತಾರ!"

ಆಗ ಕಟ್ಟೆಯ ಮೇಲಿದ್ದ ಭಾವನ ತಾಯಿ ಗೌರವ್ವತ್ತಿ ಬಾಯಿ ಹಾಕಿದರು. "ಏ ಮುರಿಗ್ಯಾ, ಹೊಂಡೂ ಮುಂದ ಯಾರರ 'ಎಲ್ಲಿಗೆ' ಅಂತ ಕೇಳಿದ್ರ ನಿನ್ನ ಪೆಟಿಗಿ ಏನ್ ಮಾಡ್ತೈತಿ?"

ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಅಪಶಕುನ. ಕೇಳಿದರೆ ಹೊರಟವರು ಮರಳಿ ಒಳಗೆ ಬರಬೇಕು, ಕೂತು ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಅದಕ್ಕೇ ನಮ್ಮ ಕಡೆ ಬುದ್ಧಿ ಇದ್ದವರು 'ದೂರ ಹೊಂಟ್ರೇನ್ರಿ' ಎಂದು ಕೇಳುತ್ತಾರೆ. ತಾಯಿಯ ಮಾತು ಮೀರುವ ಮಗನೇ ಅಲ್ಲ ಭಾವ. ಅವತ್ತೇ ಪೆಟ್ಟಿಗೆಗೆ ಅದನ್ನೂ ಕಲಿಸಿದರು. ಪರೀಕ್ಷೆಗೆಂದು ನಾನು "ಎಲ್ಲಿಗೆ?" ಎಂದೆ. ಪೆಟ್ಟಿಗೆ ಗಕ್ಕನೆ ತಿರುಗಿ ಪಡಸಾಲೆಗೆ ಹೋಗಿ ಕೂತಿತು, ಲೋಟಗಳಲ್ಲಿ ನೀರು ಚಾಚಿತು, ನಾವೆಲ್ಲ ಕೂತು ಕುಡಿಯುವವರೆಗೂ ಲಾರಿಯ ಹಾಗೆ ಹಾರ್ನ್ ಹೊಡೆಯಿತು. ಗೌರವ್ವತ್ತಿ ದೃಷ್ಟಿ ತೆಗೆದರು.

ಅಕ್ಕ, ಭಾವ, ನಾನು ಮೂವರೂ ಹೊರಡುವ ದಿನ ಓಣಿಯವರೆಲ್ಲ ಜಾಣತನದಿಂದ 'ದೂರ ಹೊಂಟ್ರೇನ್ರಿ' ಎಂದೇ ಕೇಳಿದರು. ರೈಲಿನಲ್ಲೂ ಯಾರೂ 'ಎಲ್ಲಿಗೆ' ಎನ್ನಲಿಲ್ಲ. ಬೆಳಿಗ್ಗೆ ನಗರದಲ್ಲಿ ಇಳಿದೆವು. ಯಾವ ನಗರ ಎಂದು ಹೇಳಲಾರೆ. ಹೇಳಬೇಡಿ ಎಂದು ಅಲ್ಲಿನ ಮೃಗಾಲಯದವರು ಕೈ ಮುಗಿದು ಕೇಳಿಕೊಂಡಿದ್ದಾರೆ.

"ನೋಡು, ಪ್ಲ್ಯಾನಿಗೆ ಕೂದಲಷ್ಟೂ ಫರಕಿಲ್ಲ!" ಎನ್ನುತ್ತಾ ಭಾವ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರು.

"ಎಲ್ಲಿಗೆ ಸಾರ್?"

"ಎಲ್ಲಿಗೆ ಮೇಡಂ?"

"ಎಲ್ಲಿಗ್ ಹೋಗ್ಬೇಕಣ್ಣ?"

ಆಟೋದವರು! ಒಬ್ಬರಲ್ಲ, ಇಬ್ಬರಲ್ಲ, ಇಡೀ ಸ್ಟ್ಯಾಂಡು! ಪೆಟ್ಟಿಗೆ ಗಕ್ಕನೆ ತಿರುಗಿತು. "ಅಪಶಕುನವಾಗಿದೆ. ದಯವಿಟ್ಟು ಒಳಗೆ ಬನ್ನಿ. ಕುಳಿತುಕೊಳ್ಳಿ. ನೀರು ಕುಡಿಯಿರಿ." ಕೇಳಿದವರೆಷ್ಟೋ ಅಷ್ಟು ಸಲ ಒಳಗೆ, ಅಷ್ಟು ಸಲ ಹೊರಗೆ, ಅಷ್ಟು ಲೋಟ ನೀರು. ಭಾವ ಬೆವರು ಒರೆಸಿಕೊಳ್ಳುತ್ತಾ ಒಬ್ಬ ಆಟೋದವನ ಮುಂದೆ ಅಂಗಲಾಚಿದರು. "ತಮ್ಮಾ, 'ದೂರ ಹೊಂಟ್ರೇನ್ರಿ' ಅಂತ ಕೇಳಪಾ!"

"ದೂರಾನಾ? ಹಂಗಾದ್ರೆ ಡಬಲ್ ಮೀಟರ್ ಆಗುತ್ತೆ ಸಾರ್. ಎಲ್ಲಿಗೆ?"

ಮತ್ತೆ ಒಳಗೆ!

ಮಧ್ಯಾಹ್ನ ದಾಟಿತು. ನಡೆದೇ ಹೋಗೋಣವೆಂದು ಹೊರಟರೆ, ಪೆಟ್ಟಿಗೆಗೆ 'ಒಳಗೆ' ಎಂದರೆ ಹತ್ತಿರ ಸಿಕ್ಕ ಯಾವುದೇ ಸೂರು ಎಂದಾಗಿತ್ತು. ಬಸ್ಸಿನ ಬಾಗಿಲಿಂದ ಕಂಡಕ್ಟರ್ 'ಎಲ್ಲಿಗೆ' ಎಂದು ಕೂಗಿದ. ಅದು ಕ್ಷೌರದಂಗಡಿಗೆ ನುಗ್ಗಿತು. ಸೂರಿನಡಿ ಇದ್ದವರೆಲ್ಲ ಕೂತು ಕುಡಿಯುವವರೆಗೆ ಹಾರ್ನ್ ನಿಲ್ಲದು. ಅರ್ಧ ಮೀಸೆ ಉಳಿದಿದ್ದ ಗಿರಾಕಿಯೂ ಕುಡಿದ, ಕತ್ತರಿ ಹಿಡಿದವನೂ ನೆಲಕ್ಕೆ ಕೂತು ಕುಡಿದ. ಪೊಲೀಸಪ್ಪ ಕೇಳಿದ, ಅದು ಮದುವೆಯ ಛತ್ರಕ್ಕೆ ನುಗ್ಗಿತು. ತಾಳಿ ಕಟ್ಟಲು ನಿಂತಿದ್ದ ಮದುಮಗನನ್ನೂ ಕೂರಿಸಿ ನೀರು ಕುಡಿಸಿತು. ನಾವು ಕೈ ಮುಗಿಯುತ್ತಾ ಹೊರಗೆ ಓಡಿದೆವು.

"ಬಂದ್ ಮಾಡ್ರಿ ಅದನ್ನ!" ಎಂದು ನಾನು ಚೀರಿದೆ.

"ಗುಂಡಿ ಒಳಗೈತಿ. ಮುಚ್ಚಳಾ ಲಾಡ್ಜಿಗೆ ಹೋದ ಮ್ಯಾಲೇ ತಗೀತೈತಿ. ಹಂಗ ಪ್ಲ್ಯಾನ್ ಮಾಡೇನಿ."

"ಲಾಡ್ಜು ಮುಟ್ಟಿದ್ರ ತಾನ!"

ಬಿಟ್ಟು ಹೋಗೋಣವೆಂದರೆ ಕೈಯಲ್ಲಿ ಬಿಡಿಗಾಸಿಲ್ಲ. ಕಿವಿಗೆ ಏನಾದರೂ ತುರುಕೋಣವೆಂದರೆ ಅದಕ್ಕೆ ಮೈಯೆಲ್ಲಾ ಕಿವಿ. ಅಕ್ಕ ಯಾವುದೋ ಅಂಗಡಿಯ ಗಡಿಯಾರ ನೋಡಿ ಮೆಲ್ಲಗೆ ಹೇಳಿದಳು. "ಐದಕ್ಕ ಮೃಗಾಲಯದ ಗೇಟು ಮುಚ್ಚತಾರಂತ. ನಾಳೆ ಅವರಿಗೆ ರಜಾ. ನಾಳೆ ಸಂಜೀಕೇ ನಮ್ಮ ರೈಲು." ಮೊದಲ ಬಾರಿಗೆ ಭಾವನ ಮುಖ ಬಿಳಿಚಿತು.

"ಎಲ್ಲಾರೂ ಬಾಯಿ ಮುಚ್ಚಿಕೊಂಡು ಓಡ್ರಿ!" ಎಂದರು.

ಓಡಿದೆವು. ಎದುರು ಬಂದವರಿಗೆಲ್ಲ ನಾನು ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದೆ. ಹೊಟ್ಟೆಯಲ್ಲಿ ನೀರು ಗುಡುಗುಡು ಎನ್ನುತ್ತಿತ್ತು. ಒಂದು ತಿರುವಿನಲ್ಲಿ ಪೆಟ್ಟಿಗೆ ಅಡ್ಡದಾರಿ ಹಿಡಿಯಿತು. ಭಾವ ತಡೆಯಲಾರದೆ ಕಿರುಚಿದರು. "ಲೇ, ಎಲ್ಲಿಗೆ ಹೊಂಟೀಲೇ?"

ಮೂವರೂ ಬಸ್ ಸ್ಟಾಪಿನ ಸೂರಿನಡಿ ಕೂತು ನೀರು ಕುಡಿದೆವು. ಅಕ್ಕ ಗಂಡನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು.

ಮೃಗಾಲಯದ ಗೇಟು ಮುಟ್ಟಿದಾಗ ಟಿಕೆಟ್ ಕಿಟಕಿಯ ಮುಂದೆ ಒಂದೇ ಒಂದು ಸಂಸಾರ ಉಳಿದಿತ್ತು. ಆಮೇಲೆ ನಾವೇ! ಟಿಕೆಟ್ಟೆಲ್ಲ ಮೊದಲೇ ತೆಗೆಸಿಟ್ಟದ್ದು, ಪೆಟ್ಟಿಗೆ ಅದನ್ನು ಹೊರಗೆ ಚಾಚತೊಡಗಿತು. ಅಷ್ಟರಲ್ಲಿ ಮುಂದಿದ್ದ ತಾಯಿ ತನ್ನ ಮಗುವಿಗೆ ಗದರಿದಳು. "ಏಯ್ ಪುಟ್ಟಿ, ಎಲ್ಲಿಗೆ ಓಡ್ತಿದ್ದೀಯಾ?"

ಟಿಕೆಟ್ ಸರ್ರನೆ ಒಳಗೆ ಹೋಯಿತು. ಕಿಟಕಿಯೂ ದಡಕ್ಕನೆ ಮುಚ್ಚಿತು.

ಅಕ್ಕ ಅಲ್ಲೇ ನೆಲಕ್ಕೆ ಕುಸಿದಳು. ನನಗೆ ಅಳುವೇ ಬಂತು. ಪೆಟ್ಟಿಗೆ ಮಾತ್ರ ಸೂರು ಹುಡುಕುತ್ತಾ ಗೋಡೆಗುಂಟ ದೌಡಾಯಿಸಿತು. ಪಕ್ಕದ ಸಣ್ಣ ಗೇಟಿನಲ್ಲಿ ಸೊಪ್ಪಿನ ಗಾಡಿ ಒಳಗೆ ಹೋಗುತ್ತಿತ್ತು. ಅದರ ಹಿಂದೆಯೇ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಭಾವ, ಭಾವನ ಹಿಂದೆ ನಾನು ಅಕ್ಕನ ಕೈ ಹಿಡಿದು ಎಳೆಯುತ್ತಾ! ಕಾವಲುಗಾರ ಬೆನ್ನಟ್ಟಿ ಬಂದ. "ಏಯ್, ಎಲ್ಲಿಗೆ ನುಗ್ತೀರಿ?" ಇನ್ನೇನು ಬೇಕು! ಪೆಟ್ಟಿಗೆ ಎದುರಿಗಿದ್ದ ಎತ್ತರದ ಕೊಟ್ಟಿಗೆಗೆ ನುಗ್ಗಿ ಕೂತು ಹಾರ್ನ್ ಶುರು ಮಾಡಿತು.

ನಾವು ಕೂತೆವು. ಕಿವಿ ಮುಚ್ಚಿಕೊಂಡು ಕಾವಲುಗಾರನೂ ಕೂತ. ಎಲ್ಲರೂ ಕುಡಿದರೂ ಹಾರ್ನ್ ನಿಲ್ಲಲಿಲ್ಲ.

"ಯಾರೋ ಒಬ್ರು ಉಳದಾರ," ಎಂದು ಭಾವ ಸುತ್ತಲೂ ನೋಡಿದರು. ನಮ್ಮ ಮುಂದೆ ನಾಲ್ಕು ಕಾಲುಗಳಿದ್ದವು. ಕಣ್ಣು ಮೇಲೆ ಹೋಯಿತು, ಇನ್ನೂ ಮೇಲೆ, ಇನ್ನೂ ಮೇಲೆ.

ಜಿರಾಫೆ!

ಪೆಟ್ಟಿಗೆ ಅದಕ್ಕೂ ಒಂದು ಲೋಟ ಚಾಚಿತ್ತು. ಅಕ್ಕ ಅದನ್ನು ಎತ್ತಿ ಹಿಡಿದಳು. ಜಿರಾಫೆ ಮುಂಗಾಲುಗಳನ್ನು ಅಗಲಿಸಿ, ಆ ಕತ್ತನ್ನು ನಿಧಾನವಾಗಿ ಕೆಳಗಿಳಿಸಿ, ಕಪ್ಪು ನಾಲಿಗೆಯಿಂದ ನೀರು ನೆಕ್ಕಿತು. ಅದರ ರೆಪ್ಪೆ ಅಕ್ಕನ ಕೆನ್ನೆಗೆ ತಾಗಿತು. ಅಕ್ಕ ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನ್ನ ಅಕ್ಕನನ್ನು ಅಷ್ಟು ಸಂತೋಷದಲ್ಲಿ ನಾನು ಎಂದೂ ನೋಡಿರಲಿಲ್ಲ.

"ಇದು ಪ್ಲ್ಯಾನಿನ್ಯಾಗ ಇರಲಿಲ್ಲ," ಎಂದರು ಭಾವ.

"ಅದಕ್ಕ ಆತು!" ಎಂದಳು ಅಕ್ಕ.

ಹಾರ್ನ್ ಮಾತ್ರ ನಿಲ್ಲಲಿಲ್ಲ. ಜಿರಾಫೆ ಕುಡಿದಿತ್ತು, ಕೂತಿರಲಿಲ್ಲ. "ಅದು ಯಾರ ಮುಂದೆನೂ ಕೂರಲ್ಲ ಸ್ವಾಮಿ," ಎಂದು ಕಾವಲುಗಾರ ತಲೆ ಚಚ್ಚಿಕೊಂಡ. ಕೊನೆಗೆ ಹಾರೆಯಿಂದ ಮುಚ್ಚಳ ಎಬ್ಬಿಸಿ ನಮ್ಮ ಸಾಮಾನು ತೆಗೆದೆವು. ಗುಂಡಿ ಒತ್ತಿದರೆ ಅದು ಕೈಗೇ ಕಿತ್ತು ಬಂತು. ಹತ್ತು ಜನ ಹಿಡಿದು ಎಳೆದರೂ ಪೆಟ್ಟಿಗೆ ಕದಲಲಿಲ್ಲ.

ಮೃಗಾಲಯದವರು ಆಗಾಗ ಭಾವನಿಗೆ ಫೋನು ಮಾಡುತ್ತಾರೆ. ಬಿಸಿಲೇರಿದ ಕೂಡಲೇ ಹಾರ್ನ್ ಶುರುವಾಗುತ್ತದಂತೆ, ಕೊಟ್ಟಿಗೆಗೆ ಹೋದವರೆಲ್ಲ ಕೂತು ನೀರು ಕುಡಿದೇ ಕೆಲಸ ಹಿಡಿಯಬೇಕಂತೆ. ಜಿರಾಫೆ ಇನ್ನೂ ಕೂತಿಲ್ಲ.