ಕಾರಣ ಹೇಳುವ ಕಂಪ್ಯೂಟರ್

ಸಂಡೂರಿನಿಂದ ಅದಿರು ಸಾಗಿಸುವ ಲಾರಿಗಳ ಮಾಲೀಕ ಜಡೆಪ್ಪ ಹೊಸಪೇಟೆಯ ತನ್ನ ಯಾರ್ಡಿಗೆ ಕಂಪ್ಯೂಟರ್ ತರಿಸಿದ್ದು ಗುಮಾಸ್ತ ಕೊಟ್ರಯ್ಯನ ಕುತ್ತಿಗೆಗೆ ಬಂತು. ಯಾವ ಲಾರಿ ಓಡಬೇಕು, ಯಾವುದು ನಿಲ್ಲಬೇಕು ಎಂದು ಅದು ಹೇಳುತ್ತಿತ್ತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಯಾಕೆ ಎಂದೂ ಚೀಟಿಯಲ್ಲಿ ಅಚ್ಚು ಹಾಕಿ ಕೊಡುತ್ತಿತ್ತು. ಡ್ರೈವರುಗಳಿಗೆ ಅದರ ಮೇಲೆ ಎಷ್ಟು ನಂಬಿಕೆ ಎಂದು ಕೇಳಿ ಹತ್ತಕ್ಕೆ ಅಂಕ ಬರೆದುಕೊಳ್ಳುವುದು ಕೊಟ್ರಯ್ಯನ ಕೆಲಸ.

"ಸಂಜಿಯೊಳಗ ಸರಾಸರಿ ಎಂಟು ದಾಟಿದ್ರ ನಿನ್ನ ನೌಕ್ರಿ ಪರ್ಮನೆಂಟು. ಇಲ್ಲಂದ್ರ ನಾಳಿಂದ ಬರಬ್ಯಾಡ," ಎಂದಿದ್ದ ಜಡೆಪ್ಪ.

ಮೊದಲ ಚೀಟಿ ಡ್ರೈವರ್ ದುರುಗಣ್ಣನದು. "ನಿನ್ನ ಲಾರಿ ಇವತ್ತು ನಿಲ್ಲಿಸ್ಬೇಕಂತ," ಎಂದ ಕೊಟ್ರಯ್ಯ.

"ಕಂಪ್ಯೂಟರ್ ಹೇಳೇತಂದ್ರ ಮುಗೀತು. ಒಂಬತ್ತು ಹಾಕ್ರಿ."

ಅಲ್ಲಿಗೇ ಬಾಯಿ ಮುಚ್ಚಿದ್ದರೆ ಕೊಟ್ರಯ್ಯ ಬದುಕಿಕೊಳ್ಳುತ್ತಿದ್ದ. ಆದರೆ ಕಾರಣ ಓದಿ ಹೇಳಿ, ಇನ್ನೊಮ್ಮೆ ಅಂಕ ಕೇಳಬೇಕೆಂಬ ನಿಯಮವಿತ್ತು. "ಬ್ರೇಕ್ ಸವದೈತಂತ."

ದುರುಗಣ್ಣ ಕೆಂಡವಾದ. "ಹನ್ನೆರಡು ವರ್ಷದಿಂದ ಗಾಡಿ ಹೊಡ್ಯಾಕತ್ತೀನಿ, ನನ್ ಬ್ರೇಕ್ ನನಗ ಗೊತ್ತಿಲ್ಲೇನು? ಒಂದಿನಾನೂ ಲಾರಿ ಹತ್ತದ ಡಬ್ಬಿ ಹೇಳ್ಬೇಕಾ? ಎರಡು ಹಾಕ್ರಿ!"

ಉಳಿದವರದೂ ಅದೇ ಹಾಡು. ಮಧ್ಯಾಹ್ನಕ್ಕೆ ಸರಾಸರಿ ಮೂರಕ್ಕಿಳಿದು ಕೊಟ್ರಯ್ಯನ ಜೀವ ಬಾಯಿಗೆ ಬಂತು. ಚಹಾದಂಗಡಿಯ ಜಂಬವ್ವ ಕೇಳದಿದ್ದರೂ ಬುದ್ಧಿ ಹೇಳಿದಳು: "ಬ್ರೇಕು ಗೀಕು ಅಂದ್ರ ಅವ್ರ ಕಸುಬಿಗೇ ಕೈ ಹಾಕಿದಂಗ ತಮ್ಮಾ. ಅವ್ರು ನಂಬೂವಂಥದ್ದು ಹೇಳು."

ಕೊಟ್ರಯ್ಯ ಮತ್ತೆ ಚೀಟಿ ಹಿಡಿದು ಓದಿದ, ಅಂದರೆ ಓದಿದಂತೆ ಮಾಡಿದ. "ದುರುಗಣ್ಣ, ಮುಂಜಾನಿ ತಪ್ಪು ಅಚ್ಚಾಗಿತ್ತು. ನಿನ್ನ ಲಾರಿಗೆ ಭಾಳ ದೃಷ್ಟಿ ಆಗೇತಂತ."

"ಅಯ್ಯೋ ಶಿವನೇ! ಹೊಸಾ ಬಣ್ಣ ಹೊಡಸಿದಾಗಿಂದ ಎಲ್ಲಾರ ಕಣ್ಣೂ ಅದರ ಮ್ಯಾಲೇ ಐತ್ರಿ. ಇದಕ್ಕ ಹೆಂಗ ಗೊತ್ತಾತು? ಹತ್ತು ಹಾಕ್ರಿ!"

ಆಮೇಲೆ ಒಬ್ಬನಿಗೆ ಶನಿಕಾಟ, ಇನ್ನೊಬ್ಬನಿಗೆ ಮನೆದೇವರ ಮುನಿಸು. ಮುಂಜಾನೆಯ ಅಂಕ ಹೊಡೆದುಹಾಕಿ ಹೊಸದು ಬರೆದಂತೆಲ್ಲ ನಾಲ್ಕು ಗಂಟೆಗೆ ಸರಾಸರಿ ಒಂಬತ್ತೂವರೆ ಮುಟ್ಟಿತು. ಜಡೆಪ್ಪ ಪರ್ಮನೆಂಟ್ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದ.

ಆಗ ಹೊರಗೆ ಢಬ್ ಎಂದು ಕುಂಬಳಕಾಯಿ ಒಡೆದ ಸದ್ದು. "ದೃಷ್ಟಿ ತೆಗದಾತ್ರೀ! ಇನ್ನ ಯಾಕ ನಿಲ್ಲಬೇಕು? ನಾ ಹೊಂಟೆ!" ಎಂದು ದುರುಗಣ್ಣ ಲಾರಿ ಹತ್ತಿದ.

"ಬ್ಯಾಡಪ್ಪೋ! ಬ್ರೇಕು!" ಎನ್ನುತ್ತಾ ಕೊಟ್ರಯ್ಯ ಹೊರಗೆ ಓಡಿದ. ಏನಾಯಿತೆಂದು ಜಡೆಪ್ಪನೂ ಹಿಂದೆಯೇ ಓಡಿದ. ಯಾರ್ಡಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಲಾರಿ ಇಬ್ಬರನ್ನೂ ದಾಟಿ, ಆಫೀಸಿನ ಗೋಡೆ ಕೆಡವಿ, ಕಂಪ್ಯೂಟರನ್ನು ಅಪ್ಪಚ್ಚಿ ಮಾಡಿ ನಿಂತಿತು.

ದುರುಗಣ್ಣ ಮೈಮೇಲಿನ ಧೂಳು ಕೊಡವುತ್ತಾ ಇಳಿದ. "ನೋಡಿದ್ರ್ಯಾ ಸಾವ್ಕಾರ್ರೇ, ಕಾಯಿ ಒಡದ್ರೂ ಹೋಗಲಿಲ್ಲ ಅಂದ್ರ ಎಂಥಾ ದೃಷ್ಟಿ! ಕಂಪ್ಯೂಟರ್ ಹೇಳಿದ್ದು ಖರೇ ಆತು. ಹತ್ತಕ್ಕ ಹನ್ನೊಂದು ಹಾಕ್ರಿ!"

ಜಡೆಪ್ಪ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. "ಕೊಟ್ರಯ್ಯ, ನೀನು ನಾಳಿಂದ ಬರಬ್ಯಾಡ."

"ಅಂಕ ಬಂದಾವಲ್ರೀ ಸಾವ್ಕಾರ್ರೇ! ಯಾಕ್ರಿ? ಕಾರಣನಾದ್ರೂ ಹೇಳ್ರಿ!"

ಜಡೆಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದ: "ನಿನಗ ಭಾಳ ದೃಷ್ಟಿ ಆಗೇತಿ."