ಹೆಬ್ಬೆರಳಿನ ಸಾಕ್ಷಿ

ದರ್ಜಿಗೆ ಸೂಜಿಯ ಭಯವೇ ಎಂದು ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಡೀ ದಿನ ಸೂಜಿ ಹಿಡಿಯುವವನು ನಾನೇ, ಒಪ್ಪಿದೆ. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಹರಟುವವನೂ ನಾನೇ. ಆದರೆ ಅಂಗಡಿಯಲ್ಲಿ ಸೂಜಿಯ ಹಿಂದೆ ನಾನಿರುತ್ತೇನೆ, ಮುಂದೆ ಬಟ್ಟೆ ಇರುತ್ತದೆ. ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ತಲೆಕೆಳಗಾಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ನನ್ನ ಹೆಂಡತಿಗೆ ಮದುವೆಯಾದಾಗಿನಿಂದ ಅರ್ಥವಾಗಿಲ್ಲ.

ಹೀಗಿರುವಾಗ ನಮ್ಮ ಒಬ್ಬಳೇ ಮಗಳಿಗೆ ದೂರದ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವವಳು ಅವಳೇ ಮೊದಲು. (ನಾನೂ ಒಮ್ಮೆ ಹತ್ತಿದ್ದೇನೆ, ಪ್ರಿನ್ಸಿಪಾಲರ ಪ್ಯಾಂಟು ಕೊಟ್ಟುಬರಲು.) ಸುದ್ದಿಯನ್ನು ಬೀದಿಗೆಲ್ಲ ಸಾರಿ ಮನೆಗೆ ಬಂದರೆ, ಕಾಲೇಜಿನವರು ಕಳಿಸಿದ್ದನ್ನು ಮಗಳು ಫೋನಿನಲ್ಲಿ ಓದುತ್ತ ಕೂತಿದ್ದಳು. ಹಾಸ್ಟೆಲ್ ಸೇರುವ ಮೊದಲು ಲಸಿಕೆಯ ಮೊದಲ ಡೋಸು ಆಗಿರಲೇಬೇಕು, ತಿಂಗಳಾದ ಮೇಲೆ ಎರಡನೆಯದು. ತಪ್ಪಿದರೆ ಸೀಟು ಮುಂದಿನವರ ಪಾಲು. ನಾನು ಕೊರಳಲ್ಲಿದ್ದ ಅಳತೆ ಟೇಪಿನಿಂದಲೇ ಹಣೆಯ ಬೆವರು ಒರೆಸಿಕೊಂಡೆ. ಮಗಳು ನಿರಾಳವಾಗಿ ಮುಂದಕ್ಕೆ ಓದಿದಳು. ಲಸಿಕೆ ಮೈಗೆ ಆಗದವರಿಗೆ ಡಾಕ್ಟರು ಬರೆದುಕೊಟ್ಟರೆ ವಿನಾಯಿತಿ ಉಂಟಂತೆ.

ವಿನಾಯಿತಿ! ಆ ಕ್ಷಣದಲ್ಲಿ ಅದಕ್ಕಿಂತ ತಂಪಾದ ಶಬ್ದ ನನಗೆ ಬೇರೆ ಕಾಣಲಿಲ್ಲ. ನಮ್ಮ ಡಾಕ್ಟರಮ್ಮ ನನ್ನ ಹಳೆಯ ಗಿರಾಕಿ. ಅವರ ಬಿಳಿ ಕೋಟಿನ ಬಟ್ಟೆ ಹೊಲಿಯದೆ ನನ್ನ ಬಳಿ ಬಿದ್ದು ಬಹಳ ದಿನವಾಗಿತ್ತು; ಕೇಳಿದಾಗಲೆಲ್ಲ ನಾಳೆ ಬನ್ನಿ ಎನ್ನುತ್ತಿದ್ದೆ. ಕೋಟು ಕೊಟ್ಟು ವಿನಾಯಿತಿ ತರುತ್ತೇನೆ ಎಂದು ಅಲ್ಲೇ ಘೋಷಿಸಿಬಿಟ್ಟೆ.

"ಚುಚ್ಚಿಸಿಕೊಳ್ಳೋದು ಅವಳು. ನಿಮಗ್ಯಾಕೆ ಬೆವರು?" ಎಂದಳು ಹೆಂಡತಿ.

"ಅವಳಿಗೆ ನೋವಾದ್ರೆ ಹೆತ್ತ ಕರುಳಿಗೆ ಆಗಲ್ವೇನೇ?"

"ಹೆತ್ತಿದ್ದು ನಾನು. ಅವತ್ತು ನೀವು ಹೊರಗಡೆ ಬೆಂಚಿನ ಮೇಲೆ ಮೂರ್ಛೆ ಹೋಗಿ ಮಲಗಿದ್ರಿ. ನರ್ಸು ನನ್ನ ಬಿಟ್ಟು ನಿಮಗೆ ನೀರು ಚಿಮುಕಿಸ್ತಾ ಕೂತಿದ್ಲು."

ಇಂಥ ಐತಿಹಾಸಿಕ ವಿಷಯಗಳನ್ನು ಅವಳು ಯಾವತ್ತೂ ಮರೆಯುವುದಿಲ್ಲ. ನಾನು ಅಂಗಡಿಗೆ ನಡೆದೆ.

ಅಂಗಡಿಯಲ್ಲೂ ನೆಮ್ಮದಿ ಇರಲಿಲ್ಲ. ಪಕ್ಕದ ಕಟಿಂಗ್ ಶಾಪಿನವನು ಕತ್ತರಿ ಆಡಿಸುತ್ತಲೇ ಒಂದು ಕಥೆ ಹೇಳಿದ. ಅವನ ಷಡ್ಡಕನ ಪರಿಚಯದವನೊಬ್ಬನಿಗೆ ಇಂಜೆಕ್ಷನ್ ಕೊಟ್ಟ ತೋಳು ಎಷ್ಟು ಊದಿತೆಂದರೆ ಅಂಗಿಯನ್ನು ಕತ್ತರಿಸಿಯೇ ತೆಗೆಯಬೇಕಾಯಿತಂತೆ. ಇವನ ಬಾಯಲ್ಲಿ ಸೊಳ್ಳೆ ಆನೆಯಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ತೋಳಿನ ಸುತ್ತಳತೆ ಎಷ್ಟಾಗಿತ್ತು ಎಂದು ಕೇಳಿದೆ. ಅವನು ಕೈ ಅಗಲಿಸಿ ತೋರಿಸಿದ. ನನ್ನ ಮಗಳದು ಕಡ್ಡಿಯಂಥ ತೋಳು. ಅಲ್ಲಿಂದ ಮುಂದೆ ನನ್ನ ಕೈಕಾಲು ನನ್ನ ಮಾತು ಕೇಳಲಿಲ್ಲ. ಡಾಕ್ಟರಮ್ಮನ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿದೆ. ಸರಿ, ಹೊಲಿದಾದರೂ ಮುಗಿಸೋಣವೆಂದು ಡಬ್ಬಿಯಲ್ಲಿದ್ದ ತುಕ್ಕು ಹಿಡಿದ ಸೂಜಿಯನ್ನೇ ಮೆಷಿನ್ನಿಗೆ ಸಿಕ್ಕಿಸಿ ತುಳಿದೆ. ಯೋಚನೆ ಎಲ್ಲೋ ಇತ್ತು, ಸೂಜಿ ನನ್ನ ಹೆಬ್ಬೆರಳಿನ ಮೇಲೆಯೇ ಓಡಿತು. ಮಾರನೆಯ ದಿನ ಬೆರಳು ಬದನೆಕಾಯಿಯಾಯಿತು. ಬಟ್ಟೆ ಚೂರು ಸುತ್ತಿ ಸುಮ್ಮನಾದೆ. ಅದು ಕಸುಬಿನ ಸೂಜಿ, ಅದಕ್ಕೆ ನಾನು ಹೆದರುವುದಿಲ್ಲ.

ಕೊನೆಗೂ ಮಗಳನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೊರಟೆ. ಹೆಂಡತಿ ಬರಲಿಲ್ಲ, ಇಬ್ಬರನ್ನು ಸಂಭಾಳಿಸಲು ಮಗಳೊಬ್ಬಳೇ ಸಾಕು ಎಂದಳು. ಬಾಗಿಲಲ್ಲೇ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಒಳಗೆಲ್ಲೋ ಸ್ಟೀಲಿನ ತಟ್ಟೆಯ ಮುಚ್ಚಳ ಠಣ್ ಎಂದಿತು. ನಾನು ಎರಡು ಹೆಜ್ಜೆ ಹಿಂದಕ್ಕೆ ಇಟ್ಟೆ. ನನಗೆ ನಿಜವಾಗಿಯೂ ಭಯವಾಗಿತ್ತು, ಓಡಿಹೋಗಬೇಕೆನ್ನುವಷ್ಟು ಭಯ. ಮಗಳು ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಚಿಕ್ಕವಳಿದ್ದಾಗ ಸಂತೆಯಲ್ಲಿ ಕಳೆದುಹೋಗಬಾರದೆಂದು ಹಾಗೆ ಹಿಡಿಯುತ್ತಿದ್ದಳು. ಈಗ ಹಿಡಿದದ್ದು ನಾನು ಕಳೆದುಹೋಗಬಾರದೆಂದು.

ಡಾಕ್ಟರಮ್ಮ ಗುಂಡಿ ಕಿತ್ತುಹೋದ ಹಳೆಯ ಕೋಟಿನಲ್ಲಿದ್ದರು. ಕೋಟಿನ ಮಾತು ಬರುವ ಮೊದಲೇ ನಾನು ವಿನಾಯಿತಿಯ ಅಹವಾಲು ಸಲ್ಲಿಸಿದೆ. ಅವರು ನನ್ನನ್ನು ಬಿಟ್ಟು ಮಗಳನ್ನು ವಿಚಾರಿಸಿದರು. ಅಲರ್ಜಿ ಇದೆಯೇ, ಹಿಂದೆ ಇಂಜೆಕ್ಷನ್ನಿನಿಂದ ಏನಾದರೂ ತೊಂದರೆಯಾಗಿತ್ತೇ ಎಂದರು. ಮಗಳು ಎಲ್ಲಕ್ಕೂ ಇಲ್ಲ ಎಂದಳು. ನಾನು ಮೇಜಿನ ಕೆಳಗಿಂದ ಕಾಲು ತುಳಿದರೂ ಇಲ್ಲ ಎಂದಳು.

"ಹಾಗಿದ್ರೆ ಬರೆದುಕೊಡೋಕೆ ಆಗಲ್ಲ. ನಿಜವಾಗಿ ಆಗದೇ ಇರೋರಿಗೆ ಇರೋದು ಅದು. ಸುಳ್ಳು ಬರೆದ್ರೆ ನಾಳೆ ಅಂಥೋರನ್ನೂ ಯಾರೂ ನಂಬಲ್ಲ," ಎಂದರು ಡಾಕ್ಟರಮ್ಮ.

ಮಗಳು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲೂ ಭಯವಿತ್ತು, ಆದರೆ ಅದು ಸೂಜಿಯದಲ್ಲ. "ಅಪ್ಪಾ, ಸುಮ್ನಿರು. ಸೀಟು ಹೋಗುತ್ತೆ," ಎಂದು ಮೆಲ್ಲಗೆ ಹೇಳಿದಳು.

ನಾನು ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಆದರೆ ಹೆದರಿದವನ ಬಾಯಿಗೆ ಬೀಗ ಎಲ್ಲಿದೆ? ನಮ್ಮ ರಕ್ತಕ್ಕೇ ಸೂಜಿ ಆಗಿಬರುವುದಿಲ್ಲ ಡಾಕ್ಟರಮ್ಮ, ಇಲ್ಲಿದೆ ನೋಡಿ ಸಾಕ್ಷಿ ಎಂದು ಬಟ್ಟೆ ಬಿಚ್ಚಿ ಹೆಬ್ಬೆರಳನ್ನು ಅವರ ಮೂಗಿನ ಮುಂದೆ ಹಿಡಿದೆ. ಒಂದು ಸೂಜಿ ತಾಕಿದ್ದಕ್ಕೇ ಹೀಗೆ ಊದಿದೆ, ಇದೇ ರಕ್ತ ಮಗಳದ್ದೂ ತಾನೇ ಎಂದು ವಾದಿಸಿದೆ.

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡರು. ಬೆರಳನ್ನು ಇಷ್ಟು ಆಸಕ್ತಿಯಿಂದ ನೋಡುತ್ತಿದ್ದಾರಲ್ಲ, ಕೇಸು ಗೆದ್ದೆ ಅಂದುಕೊಂಡೆ. ಸೂಜಿ ತುಕ್ಕು ಹಿಡಿದಿತ್ತೇ ಎಂದು ಕೇಳಿದರು. ಸಾಕ್ಷಿಗೆ ಬಲ ಬರಲೆಂದು ಕೆಂಪಗೆ ತುಕ್ಕು ಹಿಡಿದಿತ್ತು ಎಂದೆ. ಧನುರ್ವಾಯುವಿನ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದಿರಿ ಎಂದರು. ಜನ್ಮದಲ್ಲಿ ಒಂದೂ ಚುಚ್ಚಿಸಿಕೊಂಡ ನೆನಪಿಲ್ಲ ಎಂದು ಎದೆಯುಬ್ಬಿಸಿ ಹೇಳಿದೆ.

"ಒಳ್ಳೇದಾಯ್ತು. ನಿಮ್ಮ ಹಾಗೆ ನಾಳೆ ಬನ್ನಿ ಅನ್ನಲ್ಲ. ಈಗಲೇ ಹಾಕ್ತೀನಿ."

ಮೊದಲು ಮಗಳ ಸರದಿ. ನಾನು ಗೋಡೆಗೆ ಮುಖ ಮಾಡಿ ನಿಂತು, ಇರುವೆ ಕಚ್ಚಿದ ಹಾಗೆ ಕಣಮ್ಮ, ಧೈರ್ಯವಾಗಿರು ಎಂದು ನಡುಗುವ ದನಿಯಲ್ಲಿ ಹೇಳುತ್ತಲೇ ಇದ್ದೆ. ಅವಳು ಆಗಲೇ ತೋಳು ಮಡಚಿಕೊಂಡು ನನ್ನ ಹಿಂದೆ ಬಂದು ನಿಂತಿದ್ದಳು. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈ ಹಿಡಿದುಕೊಂಡು, ಇರುವೆ ಕಚ್ಚಿದ ಹಾಗೆ ಅಪ್ಪಾ ಎಂದಳು. ನಾನು ಕಣ್ಣು ಬಿಗಿಯಾಗಿ ಮುಚ್ಚಿ ಕಾದೆ. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ಬೇಗ ಚುಚ್ಚಿಬಿಡಿ ಎಂದು ಅಂಗಲಾಚಿದೆ. ಆಗಲೇ ಆಯ್ತಲ್ಲ ಎಂದರು ಡಾಕ್ಟರಮ್ಮ.

ಆಯಿತು ಎಂದು ಗೊತ್ತಾದ ಮೇಲೆ ನಾನು ಮೂರ್ಛೆ ಹೋದೆ.

ಲಸಿಕೆ ಪಡೆದವರು ಸ್ವಲ್ಪ ಹೊತ್ತು ಅಲ್ಲೇ ಇರಬೇಕೆಂದು ನಿಯಮ. ಅದಕ್ಕಾಗಿ ಇದ್ದದ್ದು ಒಂದೇ ಮಂಚ. ಕಣ್ಣು ಬಿಟ್ಟಾಗ ಅದರ ಮೇಲೆ ನಾನಿದ್ದೆ, ಲಸಿಕೆ ಹಾಕಿಸಿಕೊಂಡ ಮಗಳು ನಿಂತುಕೊಂಡು ಗಾಳಿ ಹಾಕುತ್ತಿದ್ದಳು. ಇನ್ನು ಮೇಲೆ ಮಗಳಿಗೆ ಜೊತೆಯಾಗಿ ಬರುವ ಕೆಲಸದಿಂದ ಬೇಕಾದರೆ ನಿಮಗೆ ವಿನಾಯಿತಿ ಬರೆದುಕೊಡುತ್ತೇನೆ ಎಂದರು ಡಾಕ್ಟರಮ್ಮ. ಆದರೆ ನಿಮ್ಮದೂ ಎರಡನೆಯದು ತಿಂಗಳಿಗೆ ಇದೆ, ಅದಕ್ಕೆ ವಿನಾಯಿತಿ ಇಲ್ಲ ಎಂದೂ ಸೇರಿಸಿದರು.

ದಾರಿಯಲ್ಲಿ ಮಗಳನ್ನು ಕೇಳಿದೆ, ನಿನ್ನ ಎರಡನೆಯದನ್ನು ಕಾಲೇಜಿನಲ್ಲೇ ಹಾಕುತ್ತಾರಾ ಎಂದು.

"ಅಲ್ಲೇ ಹಾಕ್ತಾರೆ. ಆದ್ರೆ ನಿನ್ನ ಎರಡನೇದಕ್ಕೆ ನಾನಿಲ್ದೆ ನೀನು ಕ್ಲಿನಿಕ್ಕಿಗೆ ಹೋಗ್ತೀಯಾ? ರಜೆ ಹಾಕಿ ಬರ್ತೀನಿ. ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."

ಮಗಳು ಹೋದಳು. ಮನೆಯಲ್ಲಿ ಈಗ ನನ್ನನ್ನು ಬೈಯಲು ಹೆಂಡತಿಗೆ ಜೊತೆಯಿಲ್ಲ, ಆದ್ದರಿಂದ ಅವಳೂ ಬೈಯುವುದನ್ನು ಕಡಿಮೆ ಮಾಡಿದ್ದಾಳೆ. ಅದು ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸುತ್ತದೆ. ಎರಡನೆಯ ಇಂಜೆಕ್ಷನ್ ನೆನೆದರೆ ಈಗಲೂ ಬೆವರುತ್ತೇನೆ. ಆದರೂ ಮೊನ್ನೆ ಕೋಟು ಕೊಡಲು ಹೋದಾಗ, ಇದಾದ ಮೇಲೆ ಮೂರನೆಯದೂ ಇರುತ್ತದೆಯೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಇದೆ, ಆರು ತಿಂಗಳ ಮೇಲೆ ಎಂದರು. ಅಷ್ಟು ದಿನ ಯಾಕೆ, ಸ್ವಲ್ಪ ಬೇಗ ಹಾಕಲು ಬರುವುದಿಲ್ಲವೇ ಎಂದೆ.

ಡಾಕ್ಟರಮ್ಮ ಹೊಸ ಕೋಟು ಹಾಕಿಕೊಂಡು ನೋಡಿದರು. ಬಲಗೈಯ ಮೇಲೆ ಎಡತೋಳು ಸೊಟ್ಟಗೆ ತಿರುಗಿ ನಿಂತಿತು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ನಾಳೆ ಬನ್ನಿ," ಎಂದರು.